ನಿಮ್ಮ ಮೃಗ ಇನ್ನಷ್ಟು ಕುರೂಪಿ ಆಗಬೇಕು

ನಮಸ್ಕಾರ,

ಹಸ್ತಪ್ರತಿ ಪೂರ್ತಿ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ವಾಪಸ್ ಕಳಿಸುವಂಥ ಬರಹವೂ ಅಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಕೆಲವು ಮಾತು ಖಾರ ಅನ್ನಿಸಬಹುದು.

ನೀವು ಎತ್ತಿಕೊಂಡಿರುವುದು ‘ಬ್ಯೂಟಿ ಅಂಡ್ ದಿ ಬೀಸ್ಟ್’ ಕಥೆ. ಅಪ್ಪ ಕಿತ್ತ ಒಂದು ಗುಲಾಬಿಯ ಋಣಕ್ಕೆ ಮಗಳು ಮೃಗದ ಅರಮನೆಗೆ ಹೋಗುತ್ತಾಳೆ. ನಿಮ್ಮಲ್ಲಿ ಅವಳು ಮಿರಾಯ, ಗಿಡಮೂಲಿಕೆ ಬಲ್ಲವಳು. ಅವನು ಕೇಲನ್, ಶಾಪ ಹೊತ್ತ ರಾಜಕುಮಾರ. ಅವಳ ಮಣಿಕಟ್ಟಿನ ಮೇಲೆ ಒಂದು ಮಾಯದ ಗುರುತು, ಹನ್ನೊಂದು ರಾಜ್ಯಗಳ ನಡುವೆ ಯುದ್ಧ, ಕೊನೆಗೆ ಪ್ರೀತಿ. ಎಷ್ಟೋ ಜನ ಹೇಳಿದ ಕಥೆಯನ್ನು ಮತ್ತೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಕೊನೆಗೆ ಏನಾಗುತ್ತದೆ ಅಂತ ಓದುಗರಿಗೆ ಗೊತ್ತೇ ಇರುತ್ತದೆ. ಹೇಗೆ ಆಗುತ್ತದೆ ಅಂತ ನೋಡಲು ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ.

ಇಷ್ಟವಾದದ್ದನ್ನು ಮೊದಲು ಹೇಳುತ್ತೇನೆ. ಏಳನೇ ಅಧ್ಯಾಯದಲ್ಲಿ ಮಿರಾಯ ಅರಮನೆಯ ಬಾಗಿಲುಗಳನ್ನು ಗಮನಿಸುತ್ತಾಳೆ. ಪ್ರತಿ ಚಿಲಕದ ಸುತ್ತ ಮರದ ಮೇಲೆ ಉಗುರಿನ ಗೀರು. ಕೆಲವು ಹಳೆಯವು, ಕೆಲವು ಹಸಿಯಾಗಿವೆ. ಒಂದೇ ಒದೆಗೆ ಮುರಿಯುವ ಬಾಗಿಲನ್ನು ಅವನು ಇಷ್ಟು ವರ್ಷವೂ ಮನುಷ್ಯರ ಹಾಗೆ ಚಿಲಕ ಹಿಡಿದು ತೆಗೆಯಲು ಹೆಣಗಿದ್ದಾನೆ. ಇದನ್ನು ನೀವು ಎಲ್ಲೂ ಬಿಡಿಸಿ ಹೇಳಿಲ್ಲ. ಅವಳು ಗೀರಿನ ಮೇಲೆ ಬೆರಳಾಡಿಸಿ ಮುಂದೆ ಹೋಗುತ್ತಾಳೆ, ಅಷ್ಟೆ. ಆ ಅರ್ಧ ಪುಟ ಇದ್ದದ್ದಕ್ಕೇ ಉಳಿದದ್ದನ್ನೂ ಓದಿದೆ.

ಆದರೆ ಹತ್ತನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಪಂಜದಿಂದ ಅವನು ನಾಲ್ಕು ಪುಟದ ಪ್ರೇಮಪತ್ರ ಬರೆಯುತ್ತಾನೆ. ಅದೂ ದುಂಡನೆಯ ಅಕ್ಷರದಲ್ಲಿ! ಚಿಲಕ ತಿರುಗಿಸಲು ಬಾರದವನಿಗೆ ಲೇಖನಿ ಹಿಡಿಯಲು ಹೇಗೆ ಬಂತು?

ಇದನ್ನು ಸಣ್ಣ ಎಡವಟ್ಟು ಅಂತ ಬಿಡಬಹುದಿತ್ತು. ಆದರೆ ಇಡೀ ಕಾದಂಬರಿಯ ತೊಂದರೆ ಇಲ್ಲೇ ಇದೆ. ನಿಮಗೆ ನಿಜವಾಗಿ ಮೃಗ ಬೇಕಿಲ್ಲ. ಚೆಂದದ ಹುಡುಗನೊಬ್ಬನಿಗೆ ಕೊಂಬು ಅಂಟಿಸಿದ್ದೀರಿ. ಅವನು ಮೊದಲ ಸಲ ಕಾಣಿಸಿಕೊಳ್ಳುವ ಸಾಲು ನೋಡಿ: ‘ಕೊಂಬುಗಳ ನಡುವಿಂದ ಒಂದು ಗುಂಗುರು ಅವನ ಹಣೆಗೆ ಜಾರಿತ್ತು, ಪಚ್ಚೆಯ ಕಣ್ಣುಗಳಲ್ಲಿ ಹೇಳಲಾಗದ ನೋವಿತ್ತು.’ ಇದಕ್ಕೆ ಯಾರು ಹೆದರುತ್ತಾರೆ ಹೇಳಿ? ಮುಂದಿನ ಸಾಲಿನಲ್ಲಿ ‘ಮಿರಾಯ ಭಯದಿಂದ ನಡುಗಿದಳು’ ಎಂದಿದೆ. ನನಗಂತೂ ನಂಬಿಕೆ ಬರಲಿಲ್ಲ. ಇಂಥವನನ್ನು ಪ್ರೀತಿಸಲು ಅವಳು ಏನನ್ನೂ ದಾಟಿ ಬರಬೇಕಿಲ್ಲ.

ಈ ವಿಷಯದಲ್ಲಿ ಹಳೆಯ ಕಥೆಗೆ ನಿಮಗಿಂತ ಧೈರ್ಯ ಜಾಸ್ತಿ. ಇವತ್ತು ನಾವು ಕೇಳುವ ಕಥೆ ಮುಖ್ಯವಾಗಿ ಬಂದಿದ್ದು ಬೋಮಾಂ ಎಂಬ ಫ್ರೆಂಚ್ ಲೇಖಕಿ 1756ರಲ್ಲಿ ಪ್ರಕಟಿಸಿದ ರೂಪದಿಂದ. ಆಕೆಯ ಮೃಗಕ್ಕೆ ರೂಪ ಇಲ್ಲ ಅನ್ನುವುದಷ್ಟೇ ಅಲ್ಲ, ಮಾತಿನ ಚುರುಕೂ ಇಲ್ಲ. ಬುದ್ಧಿವಂತಿಕೆ ತೋರಿಸಕೂಡದು ಅನ್ನುವುದೂ ಶಾಪದ ಭಾಗವೇ. ಸುಂದರಿಯ ಅಪ್ಪ ‘ಪ್ರಭು’ ಅಂದರೆ, ನನ್ನ ಹೆಸರು ಪ್ರಭು ಅಲ್ಲ, ಮೃಗ ಅನ್ನುತ್ತದೆ. ಹಾಗಾದರೆ ಅವಳು ಮೆಚ್ಚಲು ಏನು ಉಳಿಯಿತು? ದಿನಾ ರಾತ್ರಿ ಒಂಬತ್ತಕ್ಕೆ ಅದು ಬಂದು ಕೂರುತ್ತದೆ, ಸಾದಾ ಮಾತಾಡುತ್ತದೆ, ಹೋಗುತ್ತದೆ. ಮೊದಮೊದಲು ಅದರ ಸದ್ದಿಗೇ ನಡುಗುತ್ತಿದ್ದವಳು ಮೂರು ತಿಂಗಳು ಕಳೆಯುವಷ್ಟರಲ್ಲಿ ಒಂಬತ್ತಾಯಿತಾ ಅಂತ ಗಡಿಯಾರ ನೋಡಲು ಶುರುಮಾಡುತ್ತಾಳೆ. ನಿಮ್ಮ ಇಡೀ ಕಾದಂಬರಿಯಲ್ಲಿ ಇದಕ್ಕೆ ಸಮನಾದ ಪ್ರೇಮದ ದೃಶ್ಯ ಇಲ್ಲ. ‘ಎದೆ ಝಲ್ಲೆಂದಿತು’ ಮಾತ್ರ ಪ್ರತಿ ಅಧ್ಯಾಯದಲ್ಲೂ ಇದೆ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಹಳೆಯ ಕಥೆಯಲ್ಲಿ ಮೃಗ ರಾತ್ರಿ ಹೋಗುವ ಮೊದಲು ಒಂದೇ ಪ್ರಶ್ನೆ ಕೇಳುತ್ತದೆ, ನನ್ನ ಮದುವೆ ಆಗ್ತೀಯಾ ಅಂತ. ಇದಕ್ಕೂ ಹಿಂದಿನ, 1740ರ ವಿಲ್‌ನವ್ ಎಂಬಾಕೆಯ ಮೂಲ ಕಥೆಯಲ್ಲಿ ಪ್ರಶ್ನೆ ಇನ್ನೂ ನೇರ. ನನ್ನ ಜೊತೆ ಮಲಗುತ್ತೀಯಾ ಅಂತಲೇ ಕೇಳುತ್ತದೆ. ಬೋಮಾಂ ಮಕ್ಕಳಿಗಾಗಿ ಬರೆದವರು, ಅದನ್ನು ಮದುವೆಯ ಮಾತಾಗಿ ಬದಲಿಸಿದರು. ಎರಡರಲ್ಲೂ ಅವಳು ಇಲ್ಲ ಅನ್ನುತ್ತಾಳೆ. ಮೃಗ ಅದನ್ನು ಕೇಳಿಸಿಕೊಂಡು ಎದ್ದು ಹೋಗುತ್ತದೆ. ಮರುದಿನವೂ ಅವಳಿಗೆ ಊಟ, ಬಟ್ಟೆ, ಮರ್ಯಾದೆ ಯಾವುದರಲ್ಲೂ ಕಡಿಮೆ ಆಗುವುದಿಲ್ಲ. ಸೆರೆಯಾಗಿ ಬಂದವಳಿಗೆ ಆ ಮನೆಯಲ್ಲಿ ಇಲ್ಲ ಅನ್ನುವ ಹಕ್ಕು ಇದೆ ಅಂತ ನಮಗೆ ಗೊತ್ತಾಗುವುದು ಹೀಗೆ.

ನೀವು ಈ ಪ್ರಶ್ನೆಯನ್ನೇ ತೆಗೆದುಹಾಕಿದ್ದೀರಿ. ಅದರ ಜಾಗಕ್ಕೆ ಮಣಿಕಟ್ಟಿನ ಗುರುತು ಬಂದಿದೆ. ಅವನಿಂದ ದೂರ ಹೋದರೆ ಉರಿ, ಹತ್ತಿರ ಬಂದರೆ ಹೊಳಪು. ಈ ಬಗೆಯ ಕಾದಂಬರಿಗಳಲ್ಲಿ ‘ವಿಧಿಯೇ ಬೆಸೆದ ಜೋಡಿ’ ಈಗ ಚೆನ್ನಾಗಿ ಓಡುತ್ತದೆ, ಗೊತ್ತು. ಆದರೆ ಯೋಚಿಸಿ. ಮಿರಾಯ ಅವನ ಹತ್ತಿರ ಬಂದದ್ದು ಪ್ರೀತಿಗೋ, ಉರಿ ತಡೆಯಲಾರದೆಯೋ? ಓದುವವರಿಗೆ ಗೊತ್ತಾಗುವುದಿಲ್ಲ. ನಿಮಗೂ ಗೊತ್ತಿಲ್ಲ ಅಂತ ನನ್ನ ಅನುಮಾನ. ಗುರುತು ಇರಲೇಬೇಕು ಅಂದರೆ ಕಥೆಯ ನಡುವೆ ಎಲ್ಲಾದರೂ ಅದು ಅಳಿಸಿಹೋಗಲಿ. ಆಮೇಲೂ ಅವಳು ಉಳಿಯುತ್ತಾಳಾ ನೋಡೋಣ.

ಅಕ್ಕಂದಿರ ವಿಷಯಕ್ಕೆ ಬರೋಣ. ಮಿರಾಯ ಅಪ್ಪನನ್ನು ನೋಡಲು ಮನೆಗೆ ಹೋದಾಗ ಅವರು ಅವಳನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾರೆ. ಬೋಮಾಂ ಕಥೆಯ ಅಕ್ಕಂದಿರು ಇವರಿಗಿಂತ ಜಾಣೆಯರು. ಮೊದಲ ಸಲ ತಂಗಿ ಹೊರಟಾಗ ಕಣ್ಣಿಗೆ ಈರುಳ್ಳಿ ಉಜ್ಜಿಕೊಂಡು ಅಳುತ್ತಾರೆ. ಅವಳು ವಾರದ ಮಾತು ಕೊಟ್ಟು ಮನೆಗೆ ಬಂದಾಗ ಎಲ್ಲಿಲ್ಲದ ಅಕ್ಕರೆ ತೋರಿಸುತ್ತಾರೆ. ವಾರ ಮುಗಿದಾಗ ತಲೆಗೂದಲು ಕಿತ್ತುಕೊಂಡು ಗೋಳಾಡುತ್ತಾರೆ. ಇವಳು ಕರಗಿ ಉಳಿದುಬಿಡುತ್ತಾಳೆ. ಬಾಗಿಲಿಗೆ ಬೀಗ ಇರಲಿಲ್ಲ. ಮಾತು ತಪ್ಪಿದ್ದು ಅವಳೇ. ಹತ್ತನೇ ರಾತ್ರಿ ತೋಟದಲ್ಲಿ ಸಾಯುತ್ತಾ ಬಿದ್ದ ಮೃಗದ ಕನಸು ಬಿದ್ದಾಗ ಅವಳಿಗೆ ಆಗುವ ಸಂಕಟ ಅದಕ್ಕೇ ಅಷ್ಟು ಜೋರು. ನಿಮ್ಮ ಮಿರಾಯಳಿಗೆ ನೆಲಮಾಳಿಗೆ ಇದೆ, ಹಾಗಾಗಿ ತಪ್ಪೇ ಇಲ್ಲ. ನಾಯಕಿಯ ಕೈ ಯಾವಾಗಲೂ ಶುದ್ಧವಾಗಿರಲಿ ಅಂತ ನೀವು ತುಂಬ ಕಾಪಾಡಿದ್ದೀರಿ. ಬೇಡ.

ಶಾಪ ಕಳೆದ ಮೇಲೆ ಆರು ಅಧ್ಯಾಯ ಇದ್ದಾವಲ್ಲ, ಹನ್ನೊಂದು ರಾಜ್ಯಗಳ ವಂಶಾವಳಿ, ಮಿರಾಯ ನಿಜವಾಗಿ ರಾಜಮನೆತನದವಳು ಅನ್ನುವ ಗುಟ್ಟು? ಅಷ್ಟೂ ತೆಗೆಯಿರಿ. ವಿಲ್‌ನವ್ ಕೂಡ ಹೀಗೇ ಮಾಡಿದ್ದರು. ಮೃಗ ರಾಜಕುಮಾರನಾದ ಮೇಲೂ ಯಕ್ಷಿಣಿಯರ ಜಗಳ, ಸುಂದರಿಯ ಹುಟ್ಟಿನ ರಹಸ್ಯ ಅಂತ ಕಥೆ ಸಾಗುತ್ತಲೇ ಇರುತ್ತದೆ. ಹದಿನಾರು ವರ್ಷದ ನಂತರ ಬೋಮಾಂ ಅದಕ್ಕೆ ಕತ್ತರಿ ಹಾಕಿದರು. ಉಳಿದು ಬೆಳೆದದ್ದು ಆ ಚಿಕ್ಕ ಕಥೆಯೇ. ಅಂದಹಾಗೆ, ವ್ಯಾಪಾರಿಯ ಮಗಳು ವ್ಯಾಪಾರಿಯ ಮಗಳಾಗಿಯೇ ಉಳಿದರೆ ಏನು ನಷ್ಟ?

ಗಾಜಿನ ಹೊದಿಕೆಯ ಒಳಗೆ ದಳ ಉದುರಿಸುವ ಗುಲಾಬಿ, ಮಾತಾಡುವ ಗಡಿಯಾರ, ಇವನ್ನೂ ಬಿಡಿ. ಅವು ಹಳೆಯ ಕಥೆಯಲ್ಲಿ ಇಲ್ಲ. 1991ರ ಡಿಸ್ನಿ ಚಿತ್ರದ್ದು. ಹಳೆಯ ಕಥೆ ಎಲ್ಲರ ಸೊತ್ತು, ಯಾರು ಬೇಕಾದರೂ ಬಳಸಬಹುದು. ಸಿನಿಮಾದವರು ಹೊಸದಾಗಿ ಕಟ್ಟಿದ್ದಕ್ಕೆ ಹಕ್ಕುದಾರರಿದ್ದಾರೆ.

ಭಾಷೆಯಲ್ಲಿ ಒಂದೇ ಒಂದು ಮಾತು. ಕೇಲನ್ ಮೊದಲ ಭೇಟಿಯಲ್ಲೇ ಅವಳನ್ನು ‘ನೀನು’ ಅನ್ನುತ್ತಾನೆ, ಅವಳೂ ‘ನೀನು’ ಅನ್ನುತ್ತಾಳೆ. ಸೆರೆಯಾಳು, ಒಡೆಯ ಇಬ್ಬರೂ ಮೊದಲ ದಿನವೇ ಇಷ್ಟು ಸಲಿಗೆಯಲ್ಲಿ ಮಾತಾಡಿಬಿಟ್ಟರೆ ಮುಂದೆ ಹತ್ತಿರ ಆಗಲು ಜಾಗವೇ ಇರುವುದಿಲ್ಲ. ಯಾರು ಮೊದಲು ‘ನೀವು’ ಬಿಡುತ್ತಾರೆ, ಯಾವ ಜಗಳದ ನಡುವೆ ಬಾಯಿ ತಪ್ಪುತ್ತದೆ, ಎದುರಿನವರು ಅದನ್ನು ಗಮನಿಸಿಯೂ ಸುಮ್ಮನಿರುತ್ತಾರಾ? ಕನ್ನಡದಲ್ಲಿ ಬರೆಯುವವರಿಗೆ ಪುಕ್ಕಟೆ ಸಿಗುವ ಅನುಕೂಲ ಇದು. ಬಳಸಿಕೊಳ್ಳಿ.

ತಿದ್ದಿ ಬರೆದರೆ ಮತ್ತೆ ಓದುತ್ತೇನೆ, ಖಂಡಿತ. ಮೊದಲು ಆ ರಾತ್ರಿಯ ಪ್ರಶ್ನೆಯ ದೃಶ್ಯ ಬರೆಯಿರಿ. ಅವನು ಕೇಳಲಿ, ಅವಳು ಇಲ್ಲ ಅನ್ನಲಿ, ಅವನು ಹೊರಗೆ ಹೋಗಲು ಚಿಲಕಕ್ಕೆ ಕೈ ಹಾಕಲಿ. ಅದು ಸರಿ ಬಂದರೆ ಉಳಿದದ್ದೂ ಬರುತ್ತದೆ. ಆಮೇಲೆ ಮೊದಲ ಐದು ಅಧ್ಯಾಯ, ಒಂದು ಪುಟದ ಸಾರಾಂಶ ಕಳಿಸಿ, ಸಾಕು. ಸಾರಾಂಶದಲ್ಲಿ ಕೊನೆ ಏನಾಗುತ್ತದೆ ಅಂತ ನೇರವಾಗಿ ಹೇಳಿ. ಹೋದ ಸಲದ ಹಾಗೆ ‘ಮಿರಾಯ ಏನು ನಿರ್ಧರಿಸುತ್ತಾಳೆ? ಕಾದು ನೋಡಿ!’ ಅಂತ ನಿಲ್ಲಿಸಬೇಡಿ. ಆ ಕುತೂಹಲ ಓದುಗರಿಗೆ ಇರಲಿ, ಸಂಪಾದಕರಿಗೆ ಬೇಡ.