ಬೂಟಿನಡಿಯ ಹೆಸರು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಸಹೋದರಿಯವರಿಗೆ ವಂದನೆಗಳು.

ನಿಮ್ಮ ಆರು ಪುಟಗಳ ಪತ್ರ ಕೈಸೇರಿ ಮೂರು ವಾರಗಳಾದವು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಆಟಿಕೆಗಳಿಗೆ ಜೀವ ಬರುವ ‘ಟಾಯ್ ಸ್ಟೋರಿ’ ಎಂಬ ಆ ಆ್ಯನಿಮೇಷನ್ ಚಿತ್ರವನ್ನು ಮತ್ತೊಮ್ಮೆ ನೋಡದೆ ನಿಮಗೆ ಬರೆಯುವುದು ಸರಿಯಲ್ಲವೆಂದು ನನಗೆ ಅನ್ನಿಸಿತ್ತು, ಅದಕ್ಕೆ ಬಿಡುವು ದೊರೆತದ್ದು ಕಳೆದ ಭಾನುವಾರ. ಪತ್ರವನ್ನು ಇಡಿಯಾಗಿ ಪ್ರಕಟಿಸಲು ಸ್ಥಳವಿಲ್ಲದ ಕಾರಣ ಅದರ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ.

1997ರ ಬೇಸಿಗೆ ರಜೆಯಲ್ಲಿ, ನಿಮಗೆ ಒಂಬತ್ತು ವರ್ಷವಾಗಿದ್ದಾಗ, ಮೈಸೂರಿನ ಸೋದರಮಾವನ ಮನೆಯಲ್ಲಿ ಬಾಡಿಗೆಗೆ ತಂದ ಕ್ಯಾಸೆಟ್ಟಿನಲ್ಲಿ ‘ಟಾಯ್ ಸ್ಟೋರಿ’ ನೋಡಿದಿರಿ. ಇಂಗ್ಲಿಷ್ ಮಾತು ಒಂದೂ ಅರ್ಥವಾಗಲಿಲ್ಲ, ಆದರೂ ಕಣ್ಣು ಕೀಳಲಾಗಲಿಲ್ಲ. ಆ ರಾತ್ರಿ ಎದ್ದು ಹೋಗಿ, ಅತ್ತೆಯ ಗಾಜಿನ ಬೀರುವಿನಲ್ಲಿದ್ದ ಪಟ್ಟದ ಗೊಂಬೆಗಳು ನಿಂತಲ್ಲೇ ನಿಂತಿವೆಯೇ ಎಂದು ಇಣುಕಿದಿರಿ. ಈಗ ನಿಮ್ಮ ಮಗನಿಗೂ ಒಂಬತ್ತು ವರ್ಷ. ಆಸೆಪಟ್ಟು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಚಿತ್ರ ಹಾಕಿದರೆ, ಅರ್ಧ ಗಂಟೆಯ ಹೊತ್ತಿಗೆ ಅವನು, ‘ಅಮ್ಮಾ, ಗೊಂಬೆಗಳು ಪರವಾಗಿಲ್ಲ, ಮನುಷ್ಯರೇ ಪ್ಲಾಸ್ಟಿಕ್ ಥರ ಇದ್ದಾರೆ’ ಎಂದುಬಿಟ್ಟ. ಆ ಮಾತು ನಿಮಗೆ ನಾಟಿತು. ನೀವು ಕೇಳಿರುವುದು ಇಷ್ಟು: ಚಿತ್ರ ನಿಜಕ್ಕೂ ಹಳತಾಗಿದೆಯೇ? ನಾನು ಇಷ್ಟು ವರ್ಷ ಪ್ರೀತಿಸಿದ್ದು ಚಿತ್ರವನ್ನೋ, ಆ ರಜೆಯನ್ನೋ? ಮುಂದಿನ ಭಾಗಗಳನ್ನು, ಅದರಲ್ಲೂ ಮೂರನೆಯದನ್ನು, ಮಗನಿಗೆ ತೋರಿಸಬಹುದೇ?

ಮಗನ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವನ ಕಣ್ಣು ತಪ್ಪಿಲ್ಲ. ಗೊಂಬೆಗಳ ಒಡೆಯನಾದ ಹುಡುಗ ಆಂಡಿಯ ತಾಯಿಯ ಮುಖದಲ್ಲಿ ಮೇಣದ ಹೊಳಪಿದೆ, ಪಕ್ಕದ ಮನೆಯ ತುಂಟ ಹುಡುಗ ಸಿಡ್‌ನ ನಾಯಿಯಂತೂ ರಬ್ಬರಿನಲ್ಲಿ ಎರಕ ಹೊಯ್ದಂತಿದೆ. ಆದರೆ ಅವನು ದೋಷವೆಂದು ಕಂಡದ್ದರಿಂದಲೇ ಈ ಚಿತ್ರ ಹುಟ್ಟಿತೆಂಬುದನ್ನು ಅವನಿಗೆ ಹೇಳಬೇಕು. ಇದನ್ನು ತಯಾರಿಸಿದ ಪಿಕ್ಸಾರ್ ಸಂಸ್ಥೆಯವರು 1988ರಲ್ಲಿ ‘ಟಿನ್ ಟಾಯ್’ ಎಂಬ ಪುಟ್ಟ ಚಿತ್ರವೊಂದನ್ನು ಮಾಡಿದ್ದರು. ತವರದ ಆಟಿಕೆಯೊಂದು ತನ್ನನ್ನು ಹಿಡಿಯಬರುವ ಹಸುಗೂಸಿಗೆ ಹೆದರಿ ಸೋಫಾದ ಅಡಿಗೆ ಓಡುತ್ತದೆ. ಅಲ್ಲಿ ನೋಡಿದರೆ ಇನ್ನಷ್ಟು ಆಟಿಕೆಗಳು ಆಗಲೇ ಅವಿತು ನಡುಗುತ್ತಿವೆ. ಆ ಚಿತ್ರಕ್ಕೆ ಆಸ್ಕರ್ ಬಂದಿತು. ಆದರೆ ಅದರಲ್ಲಿನ ಆಟಿಕೆ ಜೀವಂತವಾಗಿದೆ, ಮಗುವನ್ನು ನೋಡಿದರೆ ಮಾತ್ರ ಮೈ ಜುಮ್ಮೆನ್ನುತ್ತದೆ. ನುಣುಪಾಗಿ, ಗಟ್ಟಿಯಾಗಿ, ಬೆಳಕು ಬಿದ್ದಲ್ಲಿ ಹೊಳೆಯುವ ಮೈಯನ್ನು ಮೂಡಿಸುವುದು ಆಗಿನ ಕಂಪ್ಯೂಟರಿಗೆ ಸಲೀಸಾಗಿತ್ತು. ಚರ್ಮ, ಕೂದಲು, ಬಟ್ಟೆಯ ಸುಕ್ಕು ಅದರ ಕೈಗೆ ಸಿಕ್ಕುತ್ತಿರಲಿಲ್ಲ. ಏನು ಮಾಡಿದರೂ ಪ್ಲಾಸ್ಟಿಕ್ಕಿನಂತೆ ಕಾಣುವುದಾದರೆ ಪ್ಲಾಸ್ಟಿಕ್ಕಿನ ಜೀವಗಳ ಕಥೆಯನ್ನೇ ಹೇಳುವುದು ಜಾಣತನವಲ್ಲವೇ? ನಿರ್ದೇಶಕ ಜಾನ್ ಲ್ಯಾಸಿಟರ್ ಮತ್ತು ಅವರ ತಂಡದವರು ಆ ಸಲಕರಣೆಯ ಮಿತಿಯನ್ನು ಮುಚ್ಚಿಡದೆ ಅದನ್ನೇ ಕಥೆಯ ಬುನಾದಿಯಾಗಿ ಮಾಡಿಕೊಂಡರು.

1995ರ ನವೆಂಬರ್ 22ರಂದು ಅಮೆರಿಕದಲ್ಲಿ ತೆರೆಕಂಡ ಈ ಚಿತ್ರ, ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ರೂಪುಗೊಂಡ ಮೊದಲ ಪೂರ್ಣಾವಧಿಯ ಕಥಾಚಿತ್ರ. ಅದರಲ್ಲಿರುವುದು 1,14,240 ಚೌಕಟ್ಟುಗಳು, ಅಂದರೆ ಬಿಡಿ ಚಿತ್ರಗಳು. 117 ಕಂಪ್ಯೂಟರುಗಳನ್ನು ಹಗಲಿರುಳು ಓಡಿಸಿ, ಎಲ್ಲ ಯಂತ್ರಗಳ ದುಡಿಮೆಯನ್ನು ಕೂಡಿಸಿದರೆ ಒಟ್ಟು 8 ಲಕ್ಷ ಗಂಟೆಗಳಲ್ಲಿ ಅವನ್ನು ಮೂಡಿಸಿದರು. ಆಂಡಿಯ ನೆಚ್ಚಿನ ಕೌಬಾಯ್ ಗೊಂಬೆ ವುಡಿಯೊಬ್ಬನನ್ನು ಆಡಿಸಲು 723 ಹಿಡಿತಗಳಿದ್ದವು, ಅವುಗಳಲ್ಲಿ 212 ಮುಖಕ್ಕೆ, 58 ಬರಿಯ ಬಾಯಿಗೆ. ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ಕಂಡವರು ಬೆರಳೆಣಿಕೆಯ ದಾರಗಳಲ್ಲಿ ಗೊಂಬೆಗೆ ಎಂಥ ಜೀವ ಬರುತ್ತದೆಂಬುದನ್ನು ಬಲ್ಲರು. ಇಲ್ಲಿ ದಾರಗಳು ನೂರಾರಾದವು, ಆಡಿಸುವವನ ಕಷ್ಟ ಮಾತ್ರ ಅದೇ. ಹಸಿರು ಆಟಿಕೆ ಸೈನಿಕರ ಕಾಲುಗಳು ಒಂದೇ ಹಲಗೆಗೆ ಅಂಟಿಕೊಂಡಿರುತ್ತವಲ್ಲ, ಆ ನಡಿಗೆ ಹೇಗಿರಬಹುದೆಂದು ತಿಳಿಯಲು ಚಿತ್ರಕಾರರು ತಮ್ಮ ಶೂಗಳನ್ನು ಹಲಗೆಗೆ ಬಿಗಿದುಕೊಂಡು ತಾವೇ ನಡೆದು ನೋಡಿದರು. ನಿಮ್ಮ ಮಗನಿಗೆ ಇದನ್ನು ಹೇಳಿ. ಒಂಬತ್ತು ವರ್ಷದ ಹುಡುಗನಿಗೆ 8 ಲಕ್ಷ ಗಂಟೆಗಿಂತ ಈ ಹಲಗೆಯ ಸಂಗತಿ ಹೆಚ್ಚು ರುಚಿಸೀತು.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಚಿತ್ರವೋ ರಜೆಯೋ ಎಂದು ನೀವು ಎರಡನ್ನು ಬೇರೆ ಮಾಡಿದ್ದೀರಿ. ಅದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ ಎಂದು ನನಗೆ ತೋರುತ್ತದೆ. ಆಗ ನಿಮಗೆ ಅಳು ಬಂದದ್ದು ಆಂಡಿಯ ಹೊಸ ಗೊಂಬೆ ಬಝ್ ಮೆಟ್ಟಿಲ ಕೆಳಗೆ ಬಿದ್ದಾಗ ಎಂದು ಬರೆದಿದ್ದೀರಿ. ಈ ಬಾರಿ ಆ ದೃಶ್ಯದಲ್ಲಿ ಕಣ್ಣು ಒದ್ದೆಯಾಗಲಿಲ್ಲ, ಅದಕ್ಕಿಂತ ಎಷ್ಟೋ ಮೊದಲು, ಆಂಡಿಯ ಹುಟ್ಟುಹಬ್ಬದ ದಿನ ಗೊಂಬೆಗಳೆಲ್ಲ ಕಂಗಾಲಾಗುವಾಗ ಗಂಟಲು ಕಟ್ಟಿತು ಎಂದೂ ಬರೆದಿದ್ದೀರಿ. ಬರಿಯ ರಜೆಯ ನೆನಪೇ ಆಗಿದ್ದರೆ ಅಳು ಹಳೆಯ ಜಾಗದಲ್ಲೇ ಬರಬೇಕಾಗಿತ್ತು.

ಆ ಹಳೆಯ ಜಾಗವನ್ನು ನಾನು ಭಾನುವಾರ ಎರಡು ಸಲ ಹಿಂದಕ್ಕೆ ಸರಿಸಿ ನೋಡಿದೆ. ತಾನು ನಿಜವಾದ ಗಗನವೀರನೆಂದು ನಂಬಿರುವ ಬಝ್, ನಾಯಿಯಿಂದ ತಪ್ಪಿಸಿಕೊಳ್ಳಲು ಸಿಡ್‌ನ ಮನೆಯ ಕೋಣೆಯೊಂದಕ್ಕೆ ನುಗ್ಗುತ್ತಾನೆ. ಅಲ್ಲಿ ಟಿ.ವಿ.ಯಲ್ಲಿ ಜಾಹೀರಾತು ಬರುತ್ತಿದೆ, ಅವನಂಥದೇ ಗೊಂಬೆಗಳು ಅಂಗಡಿಯಲ್ಲಿ ಸಾಲುಸಾಲಾಗಿವೆ. ಅವನು ತನ್ನ ಮುಂಗೈಯ ಮುಚ್ಚಳ ತೆರೆದು ನೋಡುತ್ತಾನೆ, ತೈವಾನಿನಲ್ಲಿ ತಯಾರಾದದ್ದೆಂದು ಅಲ್ಲಿ ಅಚ್ಚಾಗಿದೆ. ನಂಬಲಾರದೆ ಮೆಟ್ಟಿಲಿನ ಕಟಕಟೆಯನ್ನೇರಿ, ಕಿಟಕಿಯಾಚೆಯ ಆಕಾಶ ನೋಡಿ, ರೆಕ್ಕೆ ಬಿಚ್ಚಿ ಹಾರುತ್ತಾನೆ. ಅರೆಕ್ಷಣ ಹಾರಿದಂತೆಯೇ ಕಾಣುತ್ತದೆ. ಆಮೇಲೆ ನೆಲಕ್ಕೆ ಬೀಳುತ್ತಾನೆ, ತೋಳೊಂದು ಕಳಚಿ ಪಕ್ಕದಲ್ಲಿ ಬಿದ್ದಿರುತ್ತದೆ. ಹಿನ್ನೆಲೆಯಲ್ಲಿ ಹಾಡಿದೆ, ಆದರೆ ಅದರ ಮಾತು ತಿಳಿಯದ ಒಂಬತ್ತು ವರ್ಷದ ಹುಡುಗಿಗೂ ಏನಾಯಿತೆಂದು ತಿಳಿಯುತ್ತದೆ. ಮಕ್ಕಳಿಗೆ ಈ ಸಂಕಟ ಹೊಸದಲ್ಲ. ತಾನೊಬ್ಬನೇ ವಿಶೇಷವೆಂದುಕೊಂಡಿದ್ದ ಮಗು ಶಾಲೆಗೆ ಹೋಗಿ, ತನ್ನಂಥ ನಲವತ್ತು ಮಕ್ಕಳು ಒಂದೇ ಬಣ್ಣದ ಸಮವಸ್ತ್ರದಲ್ಲಿ ಕುಳಿತಿರುವುದನ್ನು ಕಂಡ ದಿನವೇ ಆ ಸಂಕಟವನ್ನು ಅರಿತಿರುತ್ತದೆ. ನೀವು ಆಗ ಅತ್ತದ್ದು ಬಝ್‌ನೊಳಗಿನ ಆ ಮಗುವಿಗಾಗಿ.

ಈಗ ಅತ್ತದ್ದು ವುಡಿಗಾಗಿ. ಚಿತ್ರದ ಮೊದಲ ಗಳಿಗೆಯಿಂದಲೇ ಗೊಂಬೆಗಳನ್ನು ಕಾಡುವುದು ಒಂದೇ ಭಯ: ಹೊಸದು ಬಂದರೆ ನಮ್ಮ ಗತಿಯೇನು? ಮಂಚದ ಮೇಲಿನ ಜಾಗ ಯಾರದು? ಇದು ಮಗುವಿನ ಭಯವಲ್ಲ, ಮಗುವನ್ನು ಬೆಳೆಸುವವರ ಭಯ. ಆಟಿಕೆಗಳಿಗೆ ಜೀವ ಬರುವ ಕಥೆಗಳು ಲೋಕದಲ್ಲಿ ಹಿಂದೆಯೂ ಸಾಕಷ್ಟಿದ್ದವು, ಆದರೆ ಇಲ್ಲಿನ ಗೊಂಬೆಗಳು ಜೀವ ಬಂದ ಮೇಲೆ ರಾಜ್ಯ ಗೆಲ್ಲಲು ಹೊರಡುವುದಿಲ್ಲ. ಆಂಡಿಗೆ ಬೇಕಾದವರಾಗಿ ಉಳಿಯುವುದೇ ಅವುಗಳಿಗೆ ದೊಡ್ಡ ಕೆಲಸ. ಹುಡುಗ ಕೋಣೆಗೆ ಕಾಲಿಡುತ್ತಲೇ ಅವು ಎಲ್ಲಿದ್ದವೋ ಅಲ್ಲಿಗೆ ಓಡಿ, ಕಣ್ಣು ಮಿಟುಕಿಸದೆ ಬೀಳುತ್ತವೆ. ಒಂಬತ್ತನೆಯ ವಯಸ್ಸಿನಲ್ಲಿ ಅದು ಕಣ್ಣಾಮುಚ್ಚಾಲೆಯಂತೆ ಕಂಡು ನಗು ಬರುತ್ತದೆ. ಮಗ ಶಾಲೆಯಿಂದ ಬರುವ ಸದ್ದಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು, ಮನಸ್ಸಿನ ತಳಮಳ ಮುಖದಲ್ಲಿ ಕಾಣದಂತೆ ಮಾಡಿಕೊಂಡು ಬಾಗಿಲಿಗೆ ಬಂದ ತಾಯಿಗೆ ಅದೇ ದೃಶ್ಯ ಬೇರೆಯಾಗಿ ಕಾಣುವುದು ಸಹಜ.

ವುಡಿಯ ಬೂಟಿನ ಅಡಿಯನ್ನು ಈ ಸಲ ಗಮನಿಸಿದಿರಾ? ಅಲ್ಲಿ ಆಂಡಿ ತನ್ನ ಹೆಸರು ಬರೆದಿದ್ದಾನೆ. ಇಂಗ್ಲಿಷಿನ ಎನ್ ಅಕ್ಷರ ತಿರುಗುಮುರುಗಾಗಿದೆ, ಆಗತಾನೆ ಅಕ್ಷರ ಕಲಿತ ಕೈಯದು. ವುಡಿಗೆ ಅದು ತನ್ನ ಇಡೀ ಬಾಳಿನ ಪ್ರಮಾಣಪತ್ರ. ತಿದ್ದಿದರೆ ಆ ಅಕ್ಷರ ಸರಿಹೋಗಬಹುದು, ಬರೆದ ಹುಡುಗನ ವಯಸ್ಸು ಮಾತ್ರ ಕಳೆದುಹೋಗುತ್ತದೆ. 1999ರ ಎರಡನೆಯ ಭಾಗದಲ್ಲಿ ಗೊಂಬೆಗಳನ್ನು ಮಾರುವವನೊಬ್ಬನ ಮನೆಗೆ ರಿಪೇರಿಯ ಮುದುಕ ಬಂದು, ವುಡಿಯ ತೋಳು ಹೊಲಿದು, ಕೆನ್ನೆಗೆ ಬಣ್ಣ ಬಳಿದು, ಕೊನೆಗೆ ಆ ಹೆಸರನ್ನು ಬಣ್ಣದಿಂದ ಮುಚ್ಚಿಬಿಡುತ್ತಾನೆ. ಗೊಂಬೆ ಹೊಸದಾಯಿತು, ಜಪಾನಿನ ವಸ್ತುಸಂಗ್ರಹಾಲಯಕ್ಕೆ ಹೋಗಲು ಸಿದ್ಧವಾಯಿತು. ಮುಂದೆ ವುಡಿ ತಾನೇ ಆ ಬಣ್ಣ ಕೆರೆದು ಹೆಸರನ್ನು ಹೊರತೆಗೆಯುವ ಗಳಿಗೆ ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಎಲ್ಲಕ್ಕಿಂತ ದೊಡ್ಡದು.

ನಿಮ್ಮ ಅತ್ತೆಯ ಪಟ್ಟದ ಗೊಂಬೆಗಳು ಇಲ್ಲಿ ನನ್ನ ನೆನಪಿಗೆ ಬಂದವು. ಮದುವೆಯಲ್ಲಿ ತವರಿನವರು ಕೊಟ್ಟ ಆ ರಾಜ ರಾಣಿಯರನ್ನು ವರ್ಷವಿಡೀ ಜೋಪಾನವಾಗಿಟ್ಟು, ನವರಾತ್ರಿ ಬಂದಾಗ ಹೊಸ ಬಟ್ಟೆ ತೊಡಿಸಿ ಕೂರಿಸುತ್ತಾರೆ. ಮಕ್ಕಳು ಮುಟ್ಟಿದರೆ ಗದರಿಸುತ್ತಾರೆ. ನೀವು ಅವು ಕದಲಿದವೇ ಎಂದು ನೋಡಲು ಹೋದದ್ದನ್ನು ಬಾಲಿಶವೆಂದು ಬರೆದಿದ್ದೀರಿ, ನನಗೆ ಹಾಗೆ ತೋರಲಿಲ್ಲ. ಗಾಜಿನ ಹಿಂದಿರುವ ಗೊಂಬೆಗೆ ಆಡುವ ಆಸೆ ಇರಬಹುದೇ ಎಂದು ಕೇಳಿಕೊಂಡ ಹುಡುಗಿ, ಎರಡನೆಯ ಭಾಗ ಬರುವ ಮೊದಲೇ ಅದರ ಪ್ರಶ್ನೆಯನ್ನು ಕೇಳಿದ್ದಳು.

ಒಂದು ತಿದ್ದುಪಡಿ. ಗೊಂಬೆಗಳು ಮನುಷ್ಯರಿಗೆ ತಮ್ಮ ಗುಟ್ಟನ್ನು ಎಂದೂ ಬಿಟ್ಟುಕೊಡುವುದಿಲ್ಲವೆಂದು ಬರೆದಿದ್ದೀರಿ. ಮೊದಲ ಚಿತ್ರದಲ್ಲೇ ಒಮ್ಮೆ ಬಿಟ್ಟುಕೊಡುತ್ತವೆ. ಬಝ್‌ನನ್ನು ರಾಕೆಟ್ಟಿಗೆ ಕಟ್ಟಿ ಸಿಡಿಸಹೊರಟ ಸಿಡ್‌ನ ಮುಂದೆ ವುಡಿ ಬಾಯಿ ತೆರೆದು, ಆಟಿಕೆಗಳನ್ನು ಇನ್ನು ಮುಂದೆ ಸರಿಯಾಗಿ ನೋಡಿಕೊಳ್ಳಬೇಕೆಂದು ಎಚ್ಚರಿಸುತ್ತಾನೆ. ಸಿಡ್ ಕಿರುಚುತ್ತಾ ಓಡಿಹೋಗುತ್ತಾನೆ. ಈ ಒಂದು ಎಡೆಯಲ್ಲಿ ಚಿತ್ರ ನ್ಯಾಯ ತಪ್ಪಿತೆಂದು ನನಗೆ ಈಗ ಅನ್ನಿಸುತ್ತದೆ. ಗೊಂಬೆಗೆ ಜೀವವಿದೆಯೆಂದು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಮುರಿದ ಗೊಂಬೆಗಳ ಅಂಗಗಳನ್ನು ಜೋಡಿಸಿ ಹೊಸ ಪ್ರಾಣಿಗಳನ್ನು ಸೃಷ್ಟಿಸುವ ಅವನ ಕೈಯಲ್ಲಿ ಕ್ರೌರ್ಯದ ಜೊತೆಗೆ ಕಲ್ಪನೆಯೂ ಇತ್ತು. ಅವನನ್ನು ಹೆದರಿಸಿ ಕಳಿಸಿದ ಚಿತ್ರ ಅವನತ್ತ ಇನ್ನೊಂದು ಸಲ ಕರುಣೆಯಿಂದ ನೋಡಬಹುದಾಗಿತ್ತು.

ಬರೆದವರೂ ಅಷ್ಟು ಸುಲಭವಾಗಿ ಈ ಕಥೆಗೆ ತಲುಪಲಿಲ್ಲ. 1993ರ ನವೆಂಬರಿನಲ್ಲಿ ಅಲ್ಲಿಯವರೆಗಿನ ಕೆಲಸವನ್ನು ಚಿತ್ರಕ್ಕೆ ಹಣ ಹೂಡಿದ್ದ ಡಿಸ್ನಿ ಸಂಸ್ಥೆಯವರಿಗೆ ತೋರಿಸಿದಾಗ ವುಡಿ ಎಷ್ಟು ಕಟುವಾಗಿ, ದರ್ಪದಿಂದ ಕಾಣಿಸಿದನೆಂದರೆ ಚಿತ್ರದ ಕೆಲಸವನ್ನೇ ನಿಲ್ಲಿಸಬೇಕಾಯಿತು. ಆ ರೂಪದಲ್ಲಿ ಅವನು ಬಝ್‌ನನ್ನು ಬೇಕೆಂದೇ ಕಿಟಕಿಯಿಂದ ಹೊರಗೆ ದಬ್ಬುತ್ತಿದ್ದ. ಹೊಸದಾಗಿ ಬರೆದಾಗ, ಮೇಜಿನ ಹಿಂದೆ ಬೀಳಿಸಿ ಒಂದು ದಿನದ ಮಟ್ಟಿಗೆ ಮರೆಮಾಡಲು ಹೋಗಿ ಕೈಮೀರಿದ ಅವಘಡ ಅದಾಯಿತು. ಅಸೂಯೆ ಹಾಗೆಯೇ ಉಳಿಯಿತು, ಅವನು ಮಾತ್ರ ನಮ್ಮವನಾದ. ಮುಂದೆ ಆಸ್ಕರಿನ ಮೂಲ ಚಿತ್ರಕಥೆಯ ವಿಭಾಗದಲ್ಲಿ ನಾಮನಿರ್ದೇಶನಗೊಂಡ ಮೊದಲ ಆ್ಯನಿಮೇಷನ್ ಚಿತ್ರವೆಂಬ ಗೌರವ ಇದಕ್ಕೆ ಸಂದಿತು. ಮೂವತ್ತು ವರ್ಷಗಳ ಮೇಲೆ ಚಿತ್ರದ ಹೊಳಪು ಮಾಸಿದರೂ ಕಥೆ ಮಾಸದಿರಲು, ಆ ತಿಂಗಳುಗಳಲ್ಲಿ ಹರಿದುಹಾಕಿದ ಪುಟಗಳೇ ಕಾರಣವೆಂಬುದು ನನ್ನ ನಂಬಿಕೆ.

ಇನ್ನು ಮೂರನೆಯ ಭಾಗ. ಅದು ಬಂದದ್ದು 2010ರಲ್ಲಿ. ಅಲ್ಲಿ ಆಂಡಿಗೆ ಹದಿನೇಳು ವರ್ಷ, ಮನೆ ಬಿಟ್ಟು ಕಾಲೇಜಿಗೆ ಹೊರಟಿದ್ದಾನೆ. 1995ರಲ್ಲಿ ಆಂಡಿಗೆ ದನಿ ಕೊಟ್ಟ ಹುಡುಗ ಜಾನ್ ಮಾರಿಸ್ ತಾನೂ ಬೆಳೆದು ದೊಡ್ಡವನಾಗಿ ಅದೇ ಪಾತ್ರಕ್ಕೆ ಮತ್ತೆ ದನಿ ಕೊಟ್ಟಿದ್ದಾನೆ, ಆದ್ದರಿಂದ ಆ ದನಿ ಒಡೆದದ್ದು ಕಾಲದಿಂದಲೇ. ತೋರಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ತೋರಿಸಿ. ಕಸ ಸುಡುವ ಕುಲುಮೆಯತ್ತ ಗೊಂಬೆಗಳು ಜಾರುತ್ತಾ, ಓಡುವುದನ್ನು ಬಿಟ್ಟು ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಳ್ಳುವ ಭಾಗ ಅವನಿಗೆ ಭಯ ತರಿಸಬಹುದು. ಆ ಹೊತ್ತಿಗೆ ನೀವು ಅಡುಗೆಮನೆಗೆ ಎದ್ದು ಹೋಗದೆ ಪಕ್ಕದಲ್ಲೇ ಇದ್ದರೆ ಸಾಕು. ನಡುವಿನ ಎರಡನೆಯ ಭಾಗವನ್ನು ಮಾತ್ರ ಬಿಡಬೇಡಿ. ಬೂಟಿನ ಹೆಸರು ಮುಚ್ಚಿಹೋಗಿ ಮತ್ತೆ ಹೊರಬಂದದ್ದನ್ನು ಕಾಣದವನಿಗೆ ಮೂರನೆಯದರ ಕೊನೆ ಅರ್ಧದಷ್ಟೇ ದಕ್ಕುತ್ತದೆ.

ಎಲ್ಲರಿಗೂ ನೆನಪಿರುವುದು ಆಂಡಿ ತನ್ನ ಗೊಂಬೆಗಳನ್ನು ಬಾನಿ ಎಂಬ ಪುಟ್ಟ ಹುಡುಗಿಗೆ ಒಂದೊಂದಾಗಿ ಪರಿಚಯಿಸಿ ಕೊಡುವ ದೃಶ್ಯ. ಅವಳು ವುಡಿಯತ್ತ ಕೈ ಚಾಚಿದಾಗ ಅವನ ಕೈ ತಾನಾಗಿಯೇ ಗೊಂಬೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆದರೆ ನಿಮ್ಮನ್ನು ನಾನು ಅದಕ್ಕೆ ಸ್ವಲ್ಪ ಮೊದಲಿನ ದೃಶ್ಯಕ್ಕಾಗಿ ಕಾಯಿರಿ ಎಂದು ಕೇಳಿಕೊಳ್ಳುತ್ತೇನೆ. ಆಂಡಿಯ ಕೋಣೆ ಬರಿದಾಗಿದೆ, ಗೋಡೆಗಳು ಬೋಳಾಗಿವೆ. ತಾಯಿ ಮಾತಾಡುತ್ತಲೇ ಬಾಗಿಲು ದಾಟಿ ಬಂದವಳು ಖಾಲಿ ಕೋಣೆಯನ್ನು ಕಂಡು ಉಸಿರು ಕಟ್ಟಿ ನಿಲ್ಲುತ್ತಾಳೆ. ಸದಾ ನಿನ್ನ ಜೊತೆಯಲ್ಲೇ ಇರುವಂತಿದ್ದರೆ ಎಂದು ಹಂಬಲಿಸುವ ಅವಳನ್ನು ಮಗ ಸಮಾಧಾನಪಡಿಸಿ ಅಪ್ಪಿಕೊಳ್ಳುತ್ತಾನೆ. ಪಕ್ಕದ ಪೆಟ್ಟಿಗೆಯೊಳಗಿಂದ ವುಡಿ ಇದನ್ನೆಲ್ಲ ನೋಡುತ್ತಿದ್ದಾನೆ. ಕಾಲೇಜಿಗೆ ಆಂಡಿ ಜೊತೆಯಲ್ಲಿ ಕರೆದೊಯ್ಯಲು ಆರಿಸಿಕೊಂಡಿದ್ದ ಗೊಂಬೆ ಅವನೊಬ್ಬನೇ. ತಾಯಿ ಮಗ ಆಚೆ ತಿರುಗಿದ ಗಳಿಗೆಯಲ್ಲಿ ಅವನು ಆ ಪೆಟ್ಟಿಗೆಯಿಂದ ಹೊರಬಂದು, ಅಟ್ಟಕ್ಕೆ ಸೇರಲಿದ್ದ ಉಳಿದ ಗೊಂಬೆಗಳ ಪೆಟ್ಟಿಗೆಯೊಳಗೆ ತಾನೇ ಸೇರಿಕೊಳ್ಳುತ್ತಾನೆ, ಅದರ ಮೇಲೆ ಬಾನಿಯ ವಿಳಾಸವನ್ನೂ ಬರೆದಂಟಿಸಿರುತ್ತಾನೆ. ಇದು ಎಲ್ಲಿ ನಿರ್ಧಾರವಾಯಿತೆಂದು ಚಿತ್ರ ಬಾಯಿ ಬಿಟ್ಟು ಹೇಳುವುದಿಲ್ಲ. ವುಡಿ ಅದನ್ನು ಆ ತಾಯಿಯ ಮುಖ ನೋಡಿ ನಿರ್ಧರಿಸಿದನೆಂದು ನಾನು ತಿಳಿದಿದ್ದೇನೆ.

ಈ ದಸರಾ ರಜೆಯಲ್ಲೇ ನೋಡಿ. ಆ ಕೋಣೆಯ ದೃಶ್ಯ ಬಂದಾಗ ನಿಮ್ಮ ಮಗ ಏನು ಕೇಳಿದ, ನೀವು ಏನು ಹೇಳಿದಿರಿ ಎಂಬುದನ್ನು ತಿಳಿಯುವ ಕುತೂಹಲ ನನಗಿದೆ. ಬಿಡುವಾದಾಗ ಬರೆಯಿರಿ.

ಇತಿ ನಿಮ್ಮ ವಿಶ್ವಾಸಿ,
ಸಂಪಾದಕ