ಸೂಪಿನ ತಳದಲ್ಲಿ ಏನಿದೆ ಎಂದು ಕೇಳುವುದು ಹೇಗೆ?

"ಅಕ್ಕಾ, ಸೆಪ್ಟೆಂಬರಿಗೆ ಪೋರ್ಚುಗಲ್ಲಿನ ಕೊಯಿಂಬ್ರಾಕ್ಕೆ ಓದಲು ಬರ್ತಿದ್ದೇನೆ. ಮೊಟ್ಟೆ ಕೂಡ ತಿನ್ನಲ್ಲ. ಹೋಟೆಲಿನಲ್ಲಿ ಪೋರ್ಚುಗೀಸಿನಲ್ಲಿ ಹೇಗೆ ಕೇಳಲಿ?" ಎಂದು ಬರೆದಿದ್ದೀಯ. ನಾನು ಲಿಸ್ಬನ್ನಿಗೆ ಬಂದು ಹನ್ನೆರಡು ವರ್ಷವಾಯಿತು. ಅನುಭವದಿಂದ ಕಲಿತದ್ದನ್ನು ಹೇಳುತ್ತೇನೆ.

'ಕಾರ್ನ್' ಅಂದರೆ ಮಾಂಸ. ಆದರೆ 'ಕಾರ್ನ್ ಬೇಡ' ಅಂದರೆ ಮುಗಿಯಲಿಲ್ಲ. ಮೀನು ಅದರಲ್ಲಿ ಸೇರುವುದಿಲ್ಲ. ಹಂದಿಮಾಂಸದ ಸಾಸೇಜು 'ಶೊರೀಸು', ತೆಳ್ಳಗಿನ ಹ್ಯಾಮ್ 'ಫಿಯಾಂಬ್ರ್', ಇವೆರಡು ಎಷ್ಟೋ ಅಡುಗೆಯವರಿಗೆ ನಮ್ಮ ಒಗ್ಗರಣೆ ಇದ್ದ ಹಾಗೆ, ರುಚಿಗೆ ಹಾಕುವ ಸಾಮಾನು.

ನನ್ನ ಮೊದಲ ಚಳಿಗಾಲ. ಮನೆ ಹತ್ತಿರದ ಸಣ್ಣ ಹೋಟೆಲಿನಲ್ಲಿ 'ಕಾಲ್ದು ವೆರ್ದ್' ಕೇಳಿದೆ. ಆಲೂಗಡ್ಡೆ ಅರೆದ ಸೂಪು, ಅದರಲ್ಲಿ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಹಸಿರು ಸೊಪ್ಪು. ಮಾಂಸ ಬೇಡ ಎಂದೂ ಹೇಳಿದ್ದೆ. ಬಟ್ಟಲು ಬಂದಾಗ ಮೇಲೆ ಕೆಂಪು ಎಣ್ಣೆಯ ಉಂಗುರ, ಚಮಚ ಹಾಕಿದರೆ ತಳದಲ್ಲಿ ಶೊರೀಸಿನ ಬಿಲ್ಲೆ. ತೋರಿಸಿದೆ. ಹೋಟೆಲಿನ ಅಜ್ಜಿ ಆ ಬಿಲ್ಲೆಯನ್ನು ಚಮಚದಲ್ಲಿ ಎತ್ತಿ ತೆಗೆದು, ಅದೇ ಬಟ್ಟಲನ್ನು ನಗುತ್ತಾ ನನ್ನ ಮುಂದಿಟ್ಟರು. ಅವರಲ್ಲಿ ಕೆಟ್ಟ ಮನಸ್ಸು ಒಂದಿಷ್ಟೂ ಇರಲಿಲ್ಲ. ನನಗೆ ಮಾತ್ರ ಅಂದು ಊಟ ಇಳಿಯಲಿಲ್ಲ, ರೂಮಿಗೆ ಬಂದು ಅತ್ತುಬಿಟ್ಟೆ.

ಆದ್ದರಿಂದ ನಿನ್ನ ಬಗ್ಗೆ ಹೇಳಿದರೆ ಸಾಲದು, ಅಡುಗೆಯ ಬಗ್ಗೆ ಕೇಳಬೇಕು. ಮೊದಲು ಹೀಗೆ ಹೇಳು: "ಸೋ ವೆಜೆಟರಿಯಾನಾ. ನಾಂವ್ ಕೋಮು ಕಾರ್ನ್, ನೈಂ ಪೈಶ್, ನೈಂ ಓವುಶ್." ನಾನು ಸಸ್ಯಾಹಾರಿ, ಮಾಂಸ, ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ ಎಂದರ್ಥ. ಹುಡುಗ ಆದರೆ 'ವೆಜೆಟರಿಯಾನು'. ಆಮೇಲೆ ಒಂದೊಂದು ಪದಾರ್ಥಕ್ಕೂ "ಲೆವಾ ಶೊರೀಸು?" ಅಂದರೆ ಇದಕ್ಕೆ ಶೊರೀಸು ಹಾಕುತ್ತೀರಾ? ಸೂಪಿಗಾದರೆ "ಲೆವಾ ಕಾಲ್ದು ದ ಕಾರ್ನ್?" ಎಂದೂ ಕೇಳು, ಮಾಂಸದ ನೀರು ಹಾಕಿದ್ದಾರಾ ಎಂದು. ಈ 'ಲೆವಾ' ಒಂದು ಬಾಯಿಗೆ ಬಂದರೆ ಅರ್ಧ ಕಷ್ಟ ಕಳೆದ ಹಾಗೆ.

ಮೊಟ್ಟೆಯ ಮಾತು ಮೊದಲೇ ಬರಬೇಕು. ಇಲ್ಲದಿದ್ದರೆ ಸಸ್ಯಾಹಾರಿ ಅಂದ ತಕ್ಷಣ ಆಮ್ಲೆಟ್ ಮಾಡಿಕೊಡಲಾ ಅನ್ನುತ್ತಾರೆ. 'ಪೈಶೀಞುಶ್ ದಾ ಓರ್ತ' ಅಂತ ಒಂದು ತಿಂಡಿ ಇದೆ. ಹೆಸರಿನ ಅರ್ಥ ತೋಟದ ಮರಿಮೀನು. ಆದರೆ ಅದು ಹುರುಳಿಕಾಯಿ ಬೀನ್ಸನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು, ನಮ್ಮ ಬಜ್ಜಿಯ ನೆಂಟ. ಮೀನಿಲ್ಲ ಎಂದು ಖುಷಿಪಡಬೇಡ, ಹಿಟ್ಟಿಗೆ ಮೊಟ್ಟೆ ಹಾಕುವುದೇ ಜಾಸ್ತಿ. ಏನೂ ಸಿಗದಿದ್ದರೆ ಅನ್ನ, ಸಲಾಡು, ಕರಿದ 'ಬಟಾಟ' ಬೇರೆ ಬೇರೆಯಾಗಿ ಕೇಳಬಹುದು. ನಮ್ಮ ಕರಾವಳಿಯ ಬಟಾಟೆ ಇವರ ಭಾಷೆಯಿಂದಲೇ ಬಂದದ್ದು, ಅಲ್ವಾ? ಆ ಒಂದು ಪದ ನೀನು ಕಲಿಯಬೇಕಾಗಿಲ್ಲ.

ಕೂತ ತಕ್ಷಣ ಬ್ರೆಡ್ಡು, ಆಲಿವ್, ಚೀಸು, ಪುಟ್ಟ ಡಬ್ಬಿಯಲ್ಲಿ ಮೀನಿನ ಪೇಸ್ಟು ತಂದಿಡುತ್ತಾರೆ. ಅದು ಸುಮ್ನೆ ಕೊಟ್ಟದ್ದಲ್ಲ, ತಿಂದರೆ ಬಿಲ್ಲಿಗೆ ಬರುತ್ತದೆ. ಬೇಡವಾದರೆ "ಪೋದ್ ಲೆವಾರ್, ಓಬ್ರಿಗಾದ" ಅನ್ನು, ತೆಗೆದುಕೊಂಡು ಹೋಗುತ್ತಾರೆ.

ನಿನಗೆ ನಿಜವಾದ ಆಸರೆ ಯೂನಿವರ್ಸಿಟಿ ಕ್ಯಾಂಟೀನು. 2017ರ ಕಾನೂನಿನ ಪ್ರಕಾರ ಸರ್ಕಾರಿ ಶಾಲೆ, ಯೂನಿವರ್ಸಿಟಿ, ಆಸ್ಪತ್ರೆಯ ಕ್ಯಾಂಟೀನುಗಳಲ್ಲಿ ಒಂದು ಸಸ್ಯಾಹಾರದ ಊಟ ಇರಲೇಬೇಕು. ಅದರಲ್ಲಿ ಮೊಟ್ಟೆ, ಹಾಲು ಕೂಡ ಇರಬಾರದು. ಮೊದಲ ತಿಂಗಳು ಅಲ್ಲೇ ಊಟ ಮಾಡು.

ಇನ್ನು ಚೀಸು. ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಹಾಕುತ್ತಾರೇನೋ ಎಂದು ನನಗೂ ಭಯವಿತ್ತು. ಎಷ್ಟೋ ಚೀಸಿಗೆ ಹಾಕುತ್ತಾರೆ, ನಿಜ. ಆದರೆ ಕೊಯಿಂಬ್ರಾದಿಂದ ಅಷ್ಟೇನೂ ದೂರವಿಲ್ಲದ ಸೆರ್ರ ದ ಇಶ್ತ್ರೆಲ ಬೆಟ್ಟದ ಕುರಿಹಾಲಿನ ಚೀಸನ್ನು ಒಂದು ಮುಳ್ಳುಗಿಡದ ಹೂವಿನಿಂದಲೇ ಹೆಪ್ಪು ಹಾಕಿ ಮಾಡುತ್ತಾರೆ. ಹಣ್ಣಾದದ್ದು ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ, ಚಮಚದಲ್ಲಿ ತೆಗೆದು ಬ್ರೆಡ್ಡಿಗೆ ಹಚ್ಚಿಕೋ.