ಬೆಂಗಳೂರಲ್ಲಿ ಸಂಜೆ ಹೊತ್ತು ಕ್ಯಾಬ್ ಓಡಿಸಲು ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಲಿ?

ಮೊದಲು ನಂಬರ್ ಬೋರ್ಡಿನ ಬಣ್ಣ ನೋಡಿ, ಆಮೇಲೆ ಕಾರು. ಬಾಡಿಗೆಗೆ ಹಳದಿ ಬೋರ್ಡೇ ಬೇಕು, ಬಿಳಿ ಬೋರ್ಡಿನದು ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡರೆ ಆರ್‌ಟಿಒಗೆ ಅಲೆದಾಟ, ಟ್ಯಾಕ್ಸ್, ಪರ್ಮಿಟ್ ಅಂತ ಖರ್ಚು ಬೆಳೆಯುತ್ತಲೇ ಹೋಗುತ್ತದೆ. 8 ವರ್ಷ ದಾಟಿದ ಟ್ಯಾಕ್ಸಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಹಾಗಾಗಿ ನಾಲ್ಕೈದು ವರ್ಷದ್ದನ್ನೇ ಹುಡುಕಿ. ಕಂಪನಿಯಿಂದಲೇ ಸಿಎನ್‌ಜಿ ಬಂದಿರುವ ವ್ಯಾಗನ್ ಆರ್ ಅಥವಾ ಡಿಸೈರ್ ಟೂರ್ ನನಗೆ ಸರಿ ಅನಿಸುತ್ತದೆ; ಡಿಕ್ಕಿಯಲ್ಲಿ ಸಿಲಿಂಡರ್ ಇರುವುದರಿಂದ ಏರ್‌ಪೋರ್ಟ್ ಲಗೇಜಿಗೆ ಜಾಗ ಕಮ್ಮಿ, ಅದೊಂದು ಗೊತ್ತಿರಲಿ.

ಮೀಟರ್ ಸುಮ್ನೆ ನಂಬಬೇಡಿ. 40,000 ಕಿಮೀ ಅಂತ ತೋರಿಸಿ, ಕ್ಲಚ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಯಾರೋ ಕೈಯಾಡಿಸಿದ್ದಾರೆ, ಅಲ್ವಾ? ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿ ನೋಡಿ. ಆರ್‌ಸಿಯಲ್ಲಿ ಸಾಲ ತೋರಿಸುತ್ತಿದ್ದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ನೋಡುವ ತನಕ ಅಡ್ವಾನ್ಸ್ ಕೊಡಬೇಡಿ.